ಅಬ್ಲೇಶನ್: ಹೃದಯದೊಳಗಿನ ಕಾವು ಪಕ್ಕದ ಗೋಡೆಗೆ ತಾಗುವುದು ಹೇಗೆ

ಹೃದಯದ ಎಡ ಮೇಲ್ಕೋಣೆಯಾದ ಎಡ ಹೃತ್ಕರ್ಣದ ಹಿಂಗೋಡೆಯ ದಪ್ಪ ಬಹುತೇಕರಲ್ಲಿ 2ರಿಂದ 4 ಮಿಲಿಮೀಟರ್. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ. ಆ ಗೋಡೆಯ ಬೆನ್ನಿಗೆ ಒತ್ತಿಕೊಂಡು ಅನ್ನನಾಳ ಇಳಿಯುತ್ತದೆ. ಬಲಗಡೆಯ ಮೇಲಿನ ಶ್ವಾಸಕೋಶದ ಅಭಿಧಮನಿಯ ಮಗ್ಗುಲಲ್ಲೇ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವನ್ನು, ಆಡಿಸುವ ಫ್ರೆನಿಕ್ ನರ ಹಾದುಹೋಗುತ್ತದೆ. ಮೈಟ್ರಲ್ ಕವಾಟದ ಅಂಚಿನಲ್ಲಿ ಹೃದಯಕ್ಕೇ ರಕ್ತ ಉಣಿಸುವ ಸರ್ಕಮ್‌ಫ್ಲೆಕ್ಸ್ ಧಮನಿ ಸುತ್ತು ಹಾಕುತ್ತದೆ. ಹಳೇ ಪೇಟೆಯ ಓಣಿಗಳಲ್ಲಿ ಗೋಡೆಗೆ ಗೋಡೆ ಕೂಡಿಸಿ ಕಟ್ಟಿದ ಸಾಲುಮನೆಗಳಿರುತ್ತವಲ್ಲ, ಹೃದಯದ ವಾಸವೂ ಹಾಗೆಯೇ. ಲಯ ತಪ್ಪಿಸುವ ಒಂದಿಷ್ಟು ಜೀವಕೋಶಗಳನ್ನು ಸಾಯಿಸಲು ಒಳಗೆ ಕ್ಯಾತಿಟರ್ ಎಂಬ ತೆಳು ನಳಿಕೆ ಹೋಗಿ ಕಾವು, ಶೀತ ಅಥವಾ ವಿದ್ಯುತ್ತು ಬಿಟ್ಟಾಗ ಪಕ್ಕದ ಮನೆಯವರಿಗೆ ಏನಾಗುತ್ತದೆ ಎಂಬುದೇ ಅಬ್ಲೇಶನ್ ಎಂಬ ಈ ಚಿಕಿತ್ಸೆಯ ನಿಜವಾದ ಪ್ರಶ್ನೆ.

ದಾವಣಗೆರೆ, ಚಿತ್ರದುರ್ಗದ ಓದುಗರಿಗೆ ಇದು ದೂರದ ವಿಷಯವೇನಲ್ಲ. ಹೃತ್ಕರ್ಣ ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಇರಲಿ, ಎದೆ ದಿಢೀರನೆ ಡವಗುಟ್ಟುವ ಎಸ್‌ವಿಟಿ ಇರಲಿ, ಅಬ್ಲೇಶನ್ ಬೇಕೆಂದಾಗ ನಮ್ಮ ಕಡೆಯ ಹೆಚ್ಚಿನವರು ಹಿಡಿಯುವುದು ಬೆಂಗಳೂರಿನ ಹೆದ್ದಾರಿಯನ್ನೇ. ದುರ್ಗದಿಂದ 200 ಕಿಲೋಮೀಟರ್, ದಾವಣಗೆರೆಯಿಂದ ಸುಮಾರು 260. ಎಲ್ಲ ಸರಿಹೋದರೆ ಮಾರನೇ ದಿನವೋ ಮೂರನೇ ದಿನವೋ ಬಿಡುಗಡೆ. "ಹಾರ್ಟಿಗೆ ಕರೆಂಟ್ ಕೊಟ್ಟು ಸುಟ್ಟರಂತೆ, ಈಗ ಆರಾಮ" ಎಂದು ಊರಿಗೆ ಬಂದು ಎರಡು ವಾರವಾದ ಮೇಲೆ ಜ್ವರ ಬಂದರೆ ತೋರಿಸುವುದು ಊರಿನ ಡಾಕ್ಟರಿಗೆ. ರೋಗಿಗೆ ಕೊಟ್ಟ ಕರೆಂಟು ಯಾವ ಬಗೆಯದು, ಯಾವ ಗೋಡೆಗೆ ಕೊಟ್ಟದ್ದು ಎಂಬುದು ಆ ಡಾಕ್ಟರಿಗೆ ಗೊತ್ತಿರಬೇಕು. ಏಕೆಂದರೆ ವಿಧಾನ ಬದಲಾದರೆ ಪೆಟ್ಟು ತಿನ್ನುವ ನೆರೆಯ ಅಂಗವೂ ಬದಲಾಗುತ್ತದೆ, ತೊಂದರೆ ಕಾಣಿಸಿಕೊಳ್ಳುವ ದಿನವೂ ಬದಲಾಗುತ್ತದೆ.

ಕಾವಿನ ದಾರಿ

ಇವತ್ತಿಗೂ ವ್ಯಾಪಕ ಬಳಕೆಯಲ್ಲಿರುವುದು ರೇಡಿಯೋ ತರಂಗಾಂತರದ ಅಬ್ಲೇಶನ್, ಅಂದರೆ ಆರ್‌ಎಫ್. ತೊಡೆಸಂದಿನ ಅಭಿಧಮನಿಯಿಂದ ಎರಡೂವರೆ ಮಿಲಿಮೀಟರ್ ದಪ್ಪದ ಕ್ಯಾತಿಟರ್ ಮೇಲೇರುತ್ತದೆ. ಅದರ ಲೋಹದ ತುದಿ ಮೂರೂವರೆ ನಾಲ್ಕು ಮಿಲಿಮೀಟರ್ ಉದ್ದ. ಬೆನ್ನಿಗೋ ತೊಡೆಗೋ ಅಂಟಿಸಿದ ಅಗಲವಾದ ಪಟ್ಟಿಯ ಮೂಲಕ ವಿದ್ಯುತ್ತು ವಾಪಸಾಗುತ್ತದೆ. ಅದು ಸೆಕೆಂಡಿಗೆ ಸುಮಾರು 5 ಲಕ್ಷ ಸಲ ಹಿಂದಕ್ಕೂ ಮುಂದಕ್ಕೂ ಹರಿಯುವುದರಿಂದ ಸ್ನಾಯುವಿಗೆ ಶಾಕ್ ಹೊಡೆದಂತಾಗುವುದಿಲ್ಲ, ಬರೀ ಬಿಸಿಯಾಗುತ್ತದೆ. ತುದಿ ತಾನೇ ಕಾದು ಸುಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ವಿದ್ಯುತ್ತು ಹಾದುಹೋಗುವ ಮಾಂಸವೇ ತನ್ನ ತಡೆಯಿಂದ ಕಾಯುತ್ತದೆ. ಆ ಕಾವು ತುದಿಯಿಂದ ದೂರ ಹೋದಂತೆ ದೂರದ ನಾಲ್ಕನೇ ಘಾತದಲ್ಲಿ ಇಳಿಯುತ್ತದೆ: ದೂರ ಎರಡರಷ್ಟಾದರೆ ಕಾವು ಹದಿನಾರರಲ್ಲಿ ಒಂದು ಪಾಲು. ಹೀಗಾಗಿ ನೇರವಾಗಿ ಕಾಯುವುದು ಮೊದಲ ಒಂದು ಮಿಲಿಮೀಟರಿನಷ್ಟು ಮಾತ್ರ. ಅದರಾಚೆಗಿನದೆಲ್ಲ ಬಿಸಿ ಹರಿದು ಬೇಯುವ ಭಾಗ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೊಯ್ಯುವುದನ್ನು ನೋಡಿದವರಿಗೆ ಮುಂದಿನ ಮಾತು ಬೇಗ ಹಿಡಿಸುತ್ತದೆ. ಹಿಟ್ಟು ಹೊಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸುತ್ತಾರೆ. ಮೇಲ್ಮೈ ಕ್ಷಣಕಾಲ ತಣಿಯುತ್ತದೆ, ಕಬ್ಬಿಣದೊಳಗಿನ ಕಾವು ಹಾಗೆಯೇ ಇರುತ್ತದೆ. ಕ್ಯಾತಿಟರ್ ತುದಿಯ ಸಣ್ಣ ರಂಧ್ರಗಳಿಂದ ಸಲೈನ್ ಚಿಮ್ಮಿಸುವುದೂ ಇದೇ ಲೆಕ್ಕ. ಸುಡುವಾಗ ನಿಮಿಷಕ್ಕೆ 8ರಿಂದ 30 ಮಿಲಿಲೀಟರ್ ನೀರು ಹರಿದು ತುದಿಯನ್ನು ತಣ್ಣಗಿಡುತ್ತದೆ. ಇಲ್ಲದಿದ್ದರೆ ರಕ್ತ ಅಲ್ಲೇ ಕರಿಕಟ್ಟಿ, ಆ ಚೂರು ಕಳಚಿ ಮೆದುಳಿಗೆ ಹೋದೀತು. ತಣ್ಣಗಿನ ತುದಿಯಿಂದ ಹೆಚ್ಚು ಶಕ್ತಿಯನ್ನು ಒಳಗೆ ನೂಕಬಹುದು. ಆದರೆ ಇದಕ್ಕೊಂದು ಬೆಲೆ ಇದೆ. ಅತಿ ಬಿಸಿಯಾದ ಜಾಗ ಈಗ ಮೇಲ್ಮೈಯಲ್ಲಿಲ್ಲ, ಒಂದೆರಡು ಮಿಲಿಮೀಟರ್ ಒಳಗಿದೆ. ಪರದೆಯ ಮೇಲೆ ತುದಿಯ ಉಷ್ಣತೆ 38 ಡಿಗ್ರಿ ಎಂದು ತೋರಿಸುವ ಹೊತ್ತಿಗೇ ಗೋಡೆಯೊಳಗೆ 80 ದಾಟಿರಬಹುದು.

ಒಳಗಿನ ಆ ಕಾವು 100 ಡಿಗ್ರಿ ಮುಟ್ಟಿತೆಂದರೆ ಆಗುವುದನ್ನು ಮಂಡಕ್ಕಿ ಭಟ್ಟಿಯ ಮುಂದೆ ನಿಂತವರು ಬಲ್ಲರು. ಕಾದ ಮರಳಿಗೆ ಬಿದ್ದ ಅಕ್ಕಿಕಾಳಿನೊಳಗಿನ ತೇವ ಹಬೆಯಾಗಿ ಕಾಳನ್ನು ಒಮ್ಮೆಲೇ ಅರಳಿಸುತ್ತದೆ. ಹೃದಯದ ಗೋಡೆಯೊಳಗೂ ನೀರು ಹಬೆಯಾಗಿ, ಹೊರಬರಲು ದಾರಿ ಸಿಗದೆ, ಟಪ್ಪೆಂದು ಒಡೆಯುತ್ತದೆ. ಸ್ಟೀಮ್ ಪಾಪ್ ಎನ್ನುವುದು ಇದಕ್ಕೇ. ಎರಡು ಮಿಲಿಮೀಟರಿನ ಹೃತ್ಕರ್ಣದಲ್ಲಿ ಈ ಒಡಕು ಗೋಡೆಯನ್ನೇ ಸೀಳಿ, ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಸಬಲ್ಲದು. ಅದಕ್ಕಾಗಿಯೇ ತುದಿಯನ್ನು ಒತ್ತುವ ಬಲವನ್ನು ಗ್ರಾಂಗಳಲ್ಲಿ ಅಳೆಯುತ್ತಾರೆ. 5 ಗ್ರಾಂಗಿಂತ ಕಡಿಮೆಯಾದರೆ ಸುಡುವಿಕೆ ಅರೆಬೆಂದದ್ದಾಗುತ್ತದೆ. 10ರಿಂದ 20 ಗ್ರಾಂ ಹದ. ಅದಕ್ಕಿಂತ ಬಹಳ ಮೇಲೆ ಹೋದರೆ ತೂತು ಬೀಳುವ ಅಪಾಯ. ವಿದ್ಯುತ್ ತಡೆ ಸುಮಾರು 10 ಓಮ್ ಇಳಿದರೆ ಮಾಂಸ ಬೇಯುತ್ತಿದೆ ಎಂದು ಅರ್ಥ. ಇಳಿಯುತ್ತಿದ್ದ ತಡೆ ಹಠಾತ್ತನೆ ಮೇಲೇರಿದರೆ ತಕ್ಷಣ ನಿಲ್ಲಿಸಬೇಕು, ತುದಿಗೆ ಕರಿಕಟ್ಟಿದೆ ಇಲ್ಲವೇ ಹಬೆ ಏಳುತ್ತಿದೆ.

ಜೀವಕೋಶದ ಮಟ್ಟದಲ್ಲಿ ಗಡಿರೇಖೆ 50 ಡಿಗ್ರಿ. ಅಲ್ಲಿಂದಾಚೆ ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ, ಪೊರೆ ಹರಿಯುತ್ತದೆ, ಕೋಶ ಮರಳಿ ಬದುಕುವುದಿಲ್ಲ. 45ರಿಂದ 50ರ ನಡುವೆ ಸಿಕ್ಕಿಕೊಂಡವು ಮೂರ್ಛೆ ಹೋಗುತ್ತವೆ. ಆ ಹೊತ್ತಿಗೆ ವಿದ್ಯುತ್ ಸಂಕೇತ ನಿಂತಿರುತ್ತದೆ, ಸುತ್ತ ಬಾವೂ ಬಂದಿರುತ್ತದೆ, ಸಂಕೇತ ದಾಟದಂತೆ ಶ್ವಾಸಕೋಶದ ಅಭಿಧಮನಿಗಳ ಬಾಯಿ ಸುತ್ತ ಸುಡುವ ಗೆರೆ ಪೂರ್ತಿಯಾಯಿತೆಂದು ತೋರುತ್ತದೆ. ಬಾವು ಇಳಿದ ಮೇಲೆ ಆ ಕೋಶಗಳು ಎದ್ದು ಕುಳಿತು ಸಂಕೇತ ಮತ್ತೆ ಹರಿಯತೊಡಗುತ್ತದೆ. ಒಂದೆರಡು ಮಿಲಿಮೀಟರಿನ ಸಂದು ಉಳಿದರೂ ಸಾಕು, ಫಿಬ್ರಿಲೇಶನ್ ವಾಪಸ್ಸು ಬರುತ್ತದೆ.

ನೆರೆಯವರ ಸರದಿಗೆ ಬಂದರೆ, ಕಾವಿಗೆ ತನ್ನವರು ಪರರು ಎಂಬ ಭೇದವೇ ಇಲ್ಲ. ಸ್ನಾಯುಕೋಶ, ನರ, ರಕ್ತನಾಳದ ಒಳಪದರ, ಕೋಶಗಳನ್ನು ಹಿಡಿದಿಟ್ಟ ಕಾಲಜನ್ ನೂಲು, ಎಲ್ಲವೂ ಬೇಯುತ್ತವೆ. ಕಾಲಜನ್ 60 ಡಿಗ್ರಿಯ ಆಸುಪಾಸಿನಲ್ಲಿ ಮುದುಡುತ್ತದೆ. ಶ್ವಾಸಕೋಶದ ಅಭಿಧಮನಿಯ ಬಾಯೊಳಗೇ ಸುಟ್ಟರೆ ಆ ಬಾಯಿ ತಿಂಗಳುಗಳಲ್ಲಿ ಕಿರಿದಾಗುವುದು ಇದರಿಂದ ಮತ್ತು ಗಾಯ ಮಾಯುವಾಗಿನ ನಾರುಗಟ್ಟುವಿಕೆಯಿಂದ. ಒಳಪದರ ಬೆಂದ ಜಾಗ ಒರಟಾಗಿ ಅಲ್ಲಿ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಅಬ್ಲೇಶನ್ ಆದವರು ಲಯ ಸರಿಯಿದ್ದರೂ ಕನಿಷ್ಠ 2-3 ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ಬಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ದೊಡ್ಡ ರಕ್ತನಾಳ ಪಕ್ಕದಲ್ಲಿದ್ದರೆ ಹರಿಯುವ ರಕ್ತ ಕಾವನ್ನು ಹೊತ್ತೊಯ್ದು ತನ್ನ ಗೋಡೆಯನ್ನು ಕಾಯ್ದುಕೊಳ್ಳುತ್ತದೆ. ಅನ್ನನಾಳಕ್ಕೆ ಅಂಥ ತಂಪು ಹರಿವಿಲ್ಲ. ಸ್ವಿಚ್ಚು ಆರಿಸಿದ ಮೇಲೂ ಕೆಲವು ಸೆಕೆಂಡು ಬಿಸಿ ಆ ಕಡೆಗೆ ಹರಿಯುತ್ತಲೇ ಇರುತ್ತದೆ, ಒಲೆ ಆರಿಸಿದ ಮೇಲೂ ಕಾವಲಿಯ ಮೇಲಿನ ದೋಸೆ ಕೆಂಪಾಗುವಂತೆ. ಅನ್ನನಾಳದೊಳಗೆ ಇಳಿಬಿಟ್ಟ ಉಷ್ಣಮಾಪಕ 38.5 ತೋರಿಸಿದಾಗ ನಿಲ್ಲಿಸಿದರೂ ಅದು 40ರತ್ತ ಏರಬಹುದು.

ಇದನ್ನು ತಪ್ಪಿಸಲು ಬಂದದ್ದು ಹೆಚ್ಚು ಶಕ್ತಿ, ಕಡಿಮೆ ಹೊತ್ತಿನ ಪದ್ಧತಿ. ಹಿಂದೆ 25-30 ವಾಟ್‌ನಲ್ಲಿ 20-30 ಸೆಕೆಂಡು ಸುಡುತ್ತಿದ್ದ ಹಿಂಗೋಡೆಗೆ ಈಗ 50 ವಾಟ್‌ನಲ್ಲಿ ಕೆಲವೇ ಸೆಕೆಂಡು, ಕೆಲವು ಕ್ಯಾತಿಟರ್‌ಗಳಲ್ಲಿ 90 ವಾಟ್‌ನಲ್ಲಿ ಬರೀ 4 ಸೆಕೆಂಡು. ನೇರ ಕಾವಿನ ಪಾಲು ಹೆಚ್ಚಿ, ಹರಿದು ಬೇಯುವ ಪಾಲು ಕಡಿಮೆಯಾಗುತ್ತದೆ. ಗಾಯ ಅಗಲವಾಗಿ, ತೆಳುವಾಗಿ ಬೀಳುತ್ತದೆ. ತೆಳು ಗೋಡೆಗೆ ಇದು ಹದವಾದ ಲೆಕ್ಕ. ದಪ್ಪ ಗೋಡೆಯ ಕೆಳಕೋಣೆಗೆ, ಅಂದರೆ ಹೃತ್ಕುಕ್ಷಿಗೆ, ಮಾತ್ರ ಸಾಲದು.

ಶೀತದ ದಾರಿ

ಶೀತದಿಂದ ಕೊಲ್ಲುವ ಕ್ರಯೋ ಬಲೂನಿನಲ್ಲಿ ನೈಟ್ರಸ್ ಆಕ್ಸೈಡ್ ದ್ರವರೂಪದಲ್ಲಿ ಬಂದು 28 ಮಿಲಿಮೀಟರಿನ ಬಲೂನಿನೊಳಗೆ ಅನಿಲವಾಗುತ್ತದೆ. ಹಾಗೆ ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರಿಕೊಳ್ಳುತ್ತದೆ. ಬಲೂನನ್ನು ಅಭಿಧಮನಿಯ ಬಾಯಿಗೆ ಬಿರಡೆಯಂತೆ ಒತ್ತಿ, 3ರಿಂದ 4 ನಿಮಿಷ ಮೈನಸ್ 40ರಿಂದ ಮೈನಸ್ 55 ಡಿಗ್ರಿಯವರೆಗೆ ಹಿಡಿದಿಡುತ್ತಾರೆ. ಬಿರಡೆ ಸಡಿಲವಿದ್ದರೆ ಬೆಚ್ಚಗಿನ ರಕ್ತ ನುಸುಳಿ ಆ ಮೂಲೆ ಹೆಪ್ಪುಗಟ್ಟುವುದೇ ಇಲ್ಲ. ಆದ್ದರಿಂದ ಬಣ್ಣದ ದ್ರಾವಣ ಬಿಟ್ಟು ಸೋರಿಕೆ ಇಲ್ಲವೆಂದು ಮೊದಲು ನೋಡಿಕೊಳ್ಳುತ್ತಾರೆ.

ಇಲ್ಲಿ ಕೋಶ ಸಾಯುವ ಬಗೆಯೇ ಬೇರೆ. ಮೊದಲು ಕೋಶಗಳ ಹೊರಗಿನ ನೀರು ಮಂಜುಗಡ್ಡೆಯಾಗುತ್ತದೆ. ಉಳಿದ ದ್ರವ ಗಾಢವಾಗಿ, ಕೋಶದೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಉಪ್ಪಿಗೆ ಹಾಕಿದ ಮಾವಿನಕಾಯಿ ಹೋಳು ನೀರು ಬಿಟ್ಟು ಸೊರಗುವಂತೆ ಕೋಶ ಸೊರಗುತ್ತದೆ. ಮೈನಸ್ 40ರ ಕೆಳಗೆ ಕೋಶದೊಳಗೇ ಹರಳುಗಟ್ಟಿ ಪೊರೆಗಳು ಒಡೆಯುತ್ತವೆ. ಮತ್ತೆ ಕರಗುವಾಗ ಎರಡನೇ ಪೆಟ್ಟು: ಸಣ್ಣ ರಕ್ತನಾಳಗಳು ಸೋರಿ, ಹರಿವು ನಿಂತು, ಅರೆಜೀವವಾದವೂ ಸಾಯುತ್ತವೆ. ಕಾಲಜನ್ ಚೌಕಟ್ಟು ಮಾತ್ರ ಬಹುಪಾಲು ಹಾಗೇ ಉಳಿಯುತ್ತದೆ, ಗೋಡೆ ಮುದುಡುವುದು ಕಡಿಮೆ, ಗಾಯದ ಅಂಚು ನಯವಾಗಿರುತ್ತದೆ, ಮೇಲ್ಮೈಯಲ್ಲಿ ಹೆಪ್ಪುಗಟ್ಟುವುದೂ ಕಡಿಮೆ.

ಶೀತಕ್ಕೆ ಇನ್ನೊಂದು ಒಳ್ಳೆಯ ಗುಣವಿದೆ, ಹಿಂದೆಗೆಯುವ ಅವಕಾಶ. ಹೃದಯದ ಮೇಲ್ಮನೆಯಿಂದ ಕೆಳಮನೆಗೆ ಸಂಕೇತ ದಾಟಿಸುವ ಎವಿ ನೋಡ್‌ನ ಹತ್ತಿರ ಸುಡಬೇಕಾದಾಗ, ಕ್ರಯೋ ತುದಿಯನ್ನು ಮೊದಲು ಮೈನಸ್ 30ಕ್ಕೆ ಇಳಿಸಿ ನೋಡಬಹುದು. ಸಂಕೇತ ತಡವಾಗುವ ಸೂಚನೆ ಕಂಡರೆ ಬೆಚ್ಚಗಾಗಲು ಬಿಟ್ಟರಾಯಿತು, ಕೋಶಗಳು ಚೇತರಿಸಿಕೊಳ್ಳುತ್ತವೆ. ಐಸ್‌ಕ್ಯಾಂಡಿ ನಾಲಗೆಗೆ ಅಂಟುವಂತೆ ತುದಿ ಗೋಡೆಗೆ ಅಂಟಿಕೊಳ್ಳುವುದರಿಂದ ಹೃದಯ ಬಡಿಯುವಾಗ ಜಾರಿ ಬೇರೆಡೆ ಹೋಗುವ ಭಯವೂ ಇಲ್ಲ. ಮಕ್ಕಳಲ್ಲಿ ಇದನ್ನು ಇಷ್ಟಪಡುವುದು ಇದಕ್ಕೇ. ಬದಲಿಗೆ ಕಾಯಿಲೆ ಮರಳುವ ಪ್ರಮಾಣ ಆರ್‌ಎಫ್‌ಗಿಂತ ಹೆಚ್ಚು.

ಬಲೂನು ಹೆಚ್ಚು ಕಾಡುವುದು ಫ್ರೆನಿಕ್ ನರವನ್ನು. ಬಲಗಡೆಯ ಅಭಿಧಮನಿಯಲ್ಲಿ ಬಲೂನು ತಣಿಯುತ್ತಿರುವಾಗ, ಮೇಲಿನ ಮಹಾಭಿಧಮನಿಯಲ್ಲಿಟ್ಟ ಇನ್ನೊಂದು ಕ್ಯಾತಿಟರ್‌ನಿಂದ ಆ ನರವನ್ನು ಒಂದೇ ಸಮ ಮಿಡಿಸುತ್ತಾರೆ. ಪ್ರತಿ ಮಿಡಿತಕ್ಕೂ ವಪೆ ಬಿಕ್ಕಳಿಸಿದಂತೆ ಕುಪ್ಪಳಿಸುತ್ತದೆ. ಒಬ್ಬರು ರೋಗಿಯ ಬಲ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ಅದನ್ನೇ ಎಣಿಸುತ್ತ ನಿಂತಿರುತ್ತಾರೆ. ಕುಪ್ಪಳಿಕೆ ಸ್ವಲ್ಪ ಸೊರಗಿತೆಂದು ಅಂಗೈಗೆ ಅನ್ನಿಸಿದ ಕೂಡಲೇ ಕೂಗುತ್ತಾರೆ, ಬಲೂನಿನ ಅನಿಲ ಆ ಕ್ಷಣವೇ ಹೊರಕ್ಕೆ. ಇಷ್ಟು ಯಂತ್ರಗಳ ನಡುವೆ ನರವನ್ನು ಉಳಿಸುವುದು ಒಂದು ಅಂಗೈ. 2016ರಲ್ಲಿ ಪ್ರಕಟವಾದ, 762 ರೋಗಿಗಳ ಫೈರ್ ಅಂಡ್ ಐಸ್ ಅಧ್ಯಯನದಲ್ಲಿ ಕ್ರಯೋ ಗುಂಪಿನ ಶೇ 2.7 ಮಂದಿಗೆ ಬಿಡುಗಡೆಯ ಹೊತ್ತಿಗೆ ಈ ನರಕ್ಕೆ ಪೆಟ್ಟಾಗಿತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಶೇ 0.3ಕ್ಕೆ ಇಳಿಯಿತು. ಶೀತ ನರದ ಎಳೆಯನ್ನು ಕೊಲ್ಲುತ್ತದೆ, ಎಳೆಯನ್ನು ಸುತ್ತಿದ ಕೊಳವೆಯನ್ನು ಉಳಿಸುತ್ತದೆ. ಆ ಕೊಳವೆಯೊಳಗೆ ಎಳೆ ಮತ್ತೆ ಬೆಳೆದು ಬರುತ್ತದೆ.

ತೂತಿನ ದಾರಿ

ಈಗ ಎಲ್ಲರ ಬಾಯಲ್ಲಿರುವುದು ವಿದ್ಯುತ್ ಮಿಡಿತಗಳಿಂದ ಕೋಶಕ್ಕೆ ತೂತು ಕೊರೆಯುವ ಪಲ್ಸ್ಡ್ ಫೀಲ್ಡ್ ಅಬ್ಲೇಶನ್, ಪಿಎಫ್‌ಎ. ಯುರೋಪಿನಲ್ಲಿ 2021ರಲ್ಲಿ ಮೊದಲ ಮಂಜೂರಾತಿ ಸಿಕ್ಕಿತು. ಅಮೆರಿಕದಲ್ಲಿ 2023ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ಬೆನ್ನುಬೆನ್ನಿಗೆ ಎರಡು ಉಪಕರಣಗಳಿಗೆ ಒಪ್ಪಿಗೆ ದೊರೆಯಿತು. ನಮ್ಮ ದೇಶದ ದೊಡ್ಡ ನಗರಗಳಿಗೂ ಬಂದಿದೆ. ಇದರ ಪೂರ್ವಜನನ್ನು ನೆನೆಯುವುದು ಒಳ್ಳೆಯದು. 1982ರಲ್ಲಿ ಕ್ಯಾತಿಟರ್ ಅಬ್ಲೇಶನ್ ಶುರುವಾದದ್ದೇ ನೇರ ವಿದ್ಯುತ್ ಆಘಾತದಿಂದ. 200-300 ಜೂಲ್ ಒಮ್ಮೆಲೇ ಬಿಟ್ಟಾಗ ತುದಿಯಲ್ಲಿ ಕಿಡಿ ಹಾರಿ, ಅನಿಲದ ಗುಳ್ಳೆ ಉಬ್ಬಿ, ಆ ಒತ್ತಡಕ್ಕೆ ಗೋಡೆ ಹರಿಯುವ ಸಂಭವವಿತ್ತು. ಆರ್‌ಎಫ್ ಬಂದ ಮೇಲೆ ಅದು ಮೂಲೆ ಸೇರಿತು. ಈಗ ಅದೇ ವಿದ್ಯುತ್ತು ಕಿಡಿ ಹಾರದಷ್ಟು ಚಿಕ್ಕ ತುಣುಕುಗಳಾಗಿ, ಮೈಕ್ರೋಸೆಕೆಂಡುಗಳ ಮಿಡಿತವಾಗಿ ಮರಳಿದೆ.

ಹೆಚ್ಚು ಬಳಕೆಯಲ್ಲಿರುವ ಐದು ಎಸಳಿನ ಕ್ಯಾತಿಟರ್‌ನಲ್ಲಿ ಸುಮಾರು 2,000 ವೋಲ್ಟಿನ ಮಿಡಿತಗಳ ಸರಣಿ ಎಸಳುಗಳ ನಡುವೆಯೇ ಹರಿಯುತ್ತದೆ. ಒಂದು ಸರಣಿಗೆ ಎರಡೂವರೆ ಸೆಕೆಂಡು. ಪ್ರತಿ ಅಭಿಧಮನಿಗೆ ಎಸಳುಗಳನ್ನು ಬುಟ್ಟಿಯಾಕಾರದಲ್ಲಿಟ್ಟು 4, ಹೂವಿನಂತೆ ಅರಳಿಸಿ 4, ನಡುನಡುವೆ ತಿರುಗಿಸಿ, ಒಟ್ಟು 8 ಸಲ. ನಾಲ್ಕು ಅಭಿಧಮನಿಗೆ 32.

ಜೀವಕೋಶದ ಪೊರೆ ಬರೀ 5 ನ್ಯಾನೋಮೀಟರ್ ದಪ್ಪ. ಆರಾಮವಿದ್ದಾಗ ಅದರಾಚೀಚೆ 80-90 ಮಿಲಿವೋಲ್ಟ್ ಇರುತ್ತದೆ. ಹೊರಗಿನ ವಿದ್ಯುತ್ ಕ್ಷೇತ್ರದಿಂದ ಅದು ಒಂದು ವೋಲ್ಟ್ ಹತ್ತಿರ ಬಂದರೆ, ಅಷ್ಟು ತೆಳು ಪೊರೆಗೆ ಅದು ಸೆಂಟಿಮೀಟರಿಗೆ 20 ಲಕ್ಷ ವೋಲ್ಟ್ ಹೊರಿಸಿದಂತೆ. ಕೊಬ್ಬಿನ ಅಣುಗಳು ಸರಿದು ತೂತು ಬೀಳುತ್ತವೆ. ತೂತು ಸಣ್ಣದಿದ್ದು ಬೇಗ ಮುಚ್ಚಿದರೆ ಕೋಶ ಬದುಕುತ್ತದೆ. ಮುಚ್ಚದಿದ್ದರೆ ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ, ಅದನ್ನು ಹೊರದಬ್ಬುವ ಕೆಲಸದಲ್ಲೇ ಕೋಶದ ಶಕ್ತಿ ಬರಿದಾಗುತ್ತದೆ, ಗಂಟೆಗಳಲ್ಲಿ ಅದು ಸಾಯುತ್ತದೆ. ಹೀಗಾಗಿ ಇದು ಬೇಯಿಸಿ ಕೊಲ್ಲುವ ಬಗೆಯಲ್ಲ. ಕಾಲಜನ್ ಚೌಕಟ್ಟು ಹಾಗೇ ನಿಂತಿರುತ್ತದೆ, ಕೋಶಗಳು ಮಾತ್ರ ಖಾಲಿ.

ಎಲ್ಲ ಕೋಶಗಳೂ ಒಂದೇ ಹೊಡೆತಕ್ಕೆ ತೂತಾಗುವುದಿಲ್ಲ. ಪ್ರಯೋಗಗಳಿಂದ ಬಂದು ಹೆಚ್ಚಾಗಿ ಉಲ್ಲೇಖವಾಗುವ ಅಂಕಿಗಳಲ್ಲಿ ಹೃದಯ ಸ್ನಾಯುಕೋಶಕ್ಕೆ ಸೆಂಟಿಮೀಟರಿಗೆ 400 ವೋಲ್ಟ್ ಸಾಕು. ಕೆಂಪು ರಕ್ತಕಣಕ್ಕೆ 1,600, ರಕ್ತನಾಳದ ನಯ ಸ್ನಾಯುವಿಗೆ 1,750ರ ಆಸುಪಾಸು, ನರಕ್ಕೆ 3,800. ದೊಡ್ಡ ಕೋಶ ಒಂದೇ ಕ್ಷೇತ್ರದಲ್ಲಿ ಹೆಚ್ಚು ವೋಲ್ಟೇಜು ಹೊರುತ್ತದೆ, ಚಿಕ್ಕದು ಪಾರಾಗುತ್ತದೆ. ಸ್ನಾಯುಕೋಶ ನೂರು ಮೈಕ್ರೋಮೀಟರ್ ಉದ್ದ, ಕೆಂಪು ಕಣ ಏಳೆಂಟು ಮಾತ್ರ. ನರದ ಎಳೆಗೆ ಮಯಲಿನ್ ಹೊದಿಕೆಯ ರಕ್ಷೆಯೂ ಇದೆ. ಆದರೆ ಈ ಅಂಕಿಗಳನ್ನು ಕಾನೂನಿನಂತೆ ಹಿಡಿಯಬಾರದು. ಮಿಡಿತದ ಅಗಲ, ಆಕಾರ, ಸಂಖ್ಯೆ ಬದಲಾದರೆ ಗಡಿಗಳೂ ಸರಿದಾಡುತ್ತವೆ. ಪ್ರತಿ ಕಂಪನಿಯ ಮಿಡಿತವೂ ಬೇರೆ, ಅದರ ವಿವರವನ್ನು ಅವರು ಪೂರ್ತಿ ಬಿಚ್ಚಿಡುವುದೂ ಇಲ್ಲ. ಒಂದು ಉಪಕರಣದಲ್ಲಿ ಕಂಡ ಸುರಕ್ಷತೆಯನ್ನು ಇನ್ನೊಂದಕ್ಕೆ ಬರೆದುಕೊಡಲಾಗದು. 2025ರ ಜನವರಿಯಲ್ಲಿ ಪಾರ್ಶ್ವವಾಯು ಪ್ರಕರಣಗಳ ಕಾರಣ ಒಂದು ಪಿಎಫ್‌ಎ ಉಪಕರಣದ ಬಳಕೆಯನ್ನು ಅಮೆರಿಕದಲ್ಲಿ ತಯಾರಕರೇ ಕೆಲಕಾಲ ತಡೆಹಿಡಿದಿದ್ದರು.

ಪಿಎಫ್‌ಎ ಪರವಾದ ಸಾಕ್ಷ್ಯ ಗಟ್ಟಿಯಾಗಿದೆ, ಅದನ್ನೂ ಹೇಳಲೇಬೇಕು. 17,642 ರೋಗಿಗಳ ಮ್ಯಾನಿಫೆಸ್ಟ್-17ಕೆ ಸಮೀಕ್ಷೆಯಲ್ಲಿ ಅನ್ನನಾಳಕ್ಕೆ ತೂತು ಬಿದ್ದ ಒಂದು ಪ್ರಕರಣವೂ ಇಲ್ಲ, ಅಭಿಧಮನಿ ಕಿರಿದಾದದ್ದಿಲ್ಲ, ಫ್ರೆನಿಕ್ ನರ ಶಾಶ್ವತವಾಗಿ ಸತ್ತದ್ದೂ ಇಲ್ಲ. 2023ರಲ್ಲಿ ಪ್ರಕಟವಾದ ಅಡ್ವೆಂಟ್ ಅಧ್ಯಯನದಲ್ಲಿ 607 ರೋಗಿಗಳನ್ನು ಹೋಲಿಸಿದಾಗ ಅಭಿಧಮನಿಯ ಬಾಯಿ ಉಷ್ಣ ವಿಧಾನಗಳ ಗುಂಪಿನಲ್ಲಿ ಸರಾಸರಿ ಶೇ 12ರಷ್ಟು ಕುಗ್ಗಿತ್ತು, ಪಿಎಫ್‌ಎ ಗುಂಪಿನಲ್ಲಿ ಶೇ 0.9. ಒಂದು ವರ್ಷದ ಯಶಸ್ಸು ಮಾತ್ರ ಶೇ 73.3 ಮತ್ತು ಶೇ 71.3, ಅಂದರೆ ಬಹುತೇಕ ಸಮ. ಹೊಸ ವಿಧಾನದ ಗಳಿಕೆ ಇರುವುದು ನೆರೆಯವರನ್ನು ಉಳಿಸುವುದರಲ್ಲಿ ಮತ್ತು ಸಮಯದಲ್ಲಿ. ಕಾಯಿಲೆ ವಾಸಿ ಮಾಡುವುದರಲ್ಲಿ ಅದು ಹಳೆಯದಕ್ಕಿಂತ ಬಹಳ ಮುಂದೆ ಹೋಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಪಿಎಫ್‌ಎ ನೆರೆಯವರನ್ನು ಪೂರ್ತಿ ಬಿಟ್ಟುಬಿಡುತ್ತದೆಂದೂ ಅಲ್ಲ, ಪೆಟ್ಟು ತಿನ್ನುವವರು ಬೇರೆಯಾಗಿದ್ದಾರೆ. ಒಬ್ಬರು ರಕ್ತಕಣಗಳು. ಎಸಳು ಗೋಡೆಗೆ ತಾಗದೆ ರಕ್ತದಲ್ಲಿ ತೇಲುತ್ತಿರುವಾಗ ಮಿಡಿತ ಬಿಟ್ಟರೆ, ಎಸಳಿನ ಹತ್ತಿರದ ತೀವ್ರ ಕ್ಷೇತ್ರದಲ್ಲಿ ಕೆಂಪು ಕಣಗಳು ಒಡೆಯುತ್ತವೆ. ಗೋಡೆಗೂ ಪ್ರಯೋಜನವಿಲ್ಲ, ರಕ್ತಕ್ಕೂ ಹಾನಿ. ಬಿಡುಗಡೆಯಾದ ಹಿಮೋಗ್ಲೋಬಿನ್ ಮೂತ್ರಪಿಂಡದ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಮಿಡಿತಗಳ ಸಂಖ್ಯೆ ಏರಿದಷ್ಟೂ ಇದು ಹೆಚ್ಚು. ಮ್ಯಾನಿಫೆಸ್ಟ್ ಸಮೀಕ್ಷೆಯಲ್ಲಿ ಡಯಾಲಿಸಿಸ್ ಬೇಕಾದವರು ಶೇ 0.03 ಮಾತ್ರ, ಆದರೆ ಅವರೆಲ್ಲರಿಗೂ ಮೂಲ ಇದೇ. ತಡೆಗಟ್ಟುವುದು ಸುಲಭ: ಎಸಳು ತಾಗಿದೆಯೆಂದು ಅಲ್ಟ್ರಾಸೌಂಡಿನಲ್ಲಿ ಖಚಿತಪಡಿಸಿಕೊಳ್ಳುವುದು, ಬೇಡದ ಮಿಡಿತ ಬಿಡದಿರುವುದು, ಮುಗಿದ ಮೇಲೆ ಸಾಕಷ್ಟು ಸಲೈನ್ ಕೊಡುವುದು. ಚಳ್ಳಕೆರೆ, ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಮೊದಲೇ ಮೈ ಒಣಗಿದ, ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೊರಗಿದ ರೋಗಿಗೆ ಇದು ಚಿಕ್ಕ ಮಾತಲ್ಲ. ಮೊದಲ ಎರಡು ದಿನ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು.

ಇನ್ನೊಬ್ಬರು ಹೃದಯದ ಧಮನಿಗಳು. ನಯ ಸ್ನಾಯು ಸಾಯದಿದ್ದರೂ ಕೆರಳುತ್ತದೆ, ಧಮನಿ ಮುದುಡಿಕೊಳ್ಳುತ್ತದೆ. ಮೈಟ್ರಲ್ ಕವಾಟದ ಅಂಚಿನಲ್ಲೋ ಬಲ ಹೃತ್ಕರ್ಣದ ಕೆಳಸಂದಿನಲ್ಲೋ ಮಿಡಿತ ಕೊಡುವಾಗ ಇದು ಹೆಚ್ಚು. ಅದಕ್ಕೇ ಧಮನಿ ಸಡಿಲಿಸುವ ನೈಟ್ರೋಗ್ಲಿಸರಿನ್ ಮೊದಲೇ ಕೊಟ್ಟು, ಹೃದಯಕ್ಕೆ ರಕ್ತ ಸಾಲದಾದರೆ ಬದಲಾಗುವ ಇಸಿಜಿಯ ಎಸ್‌ಟಿ ಗೆರೆಯ ಮೇಲೆ ಕಣ್ಣಿಟ್ಟಿರುತ್ತಾರೆ.

ಮೂರ್ಛೆಯ ಮೋಸ ಇಲ್ಲಿ ಆರ್‌ಎಫ್‌ಗಿಂತ ದೊಡ್ಡದು. ಗಡಿಯ ಕೋಶಗಳಿಗೆ ತೂತು ಬಿದ್ದು ಮತ್ತೆ ಮುಚ್ಚಿದರೂ ಆ ನಡುವೆ ಸಂಕೇತ ಪೂರ್ತಿ ಮಾಯವಾಗಿರುತ್ತದೆ. ಮೊದಲ ಮಿಡಿತಕ್ಕೇ ಪರದೆ ಸಪಾಟಾದದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಂಡರೆ ತಪ್ಪಿದಂತೆ. ಆ 8 ಸಲದ ನಿಯಮ ಇರುವುದು ಈ ಕಾರಣಕ್ಕೇ.

ಯಾರಿಗೆ ಯಾವುದು

ಮದ್ಯಸಾರ ಚುಚ್ಚಿ ಕೊಲ್ಲುವ ವಿಧಾನವೂ ಇದೆ. ಹೃದಯದ ನಡುಗೋಡೆ ವಿಪರೀತ ದಪ್ಪವಾದವರಿಗೆ ಆ ಭಾಗದ ಸಣ್ಣ ಧಮನಿಗೆ 1ರಿಂದ 3 ಮಿಲಿಲೀಟರ್ ಶುದ್ಧ ಆಲ್ಕೋಹಾಲ್. ದ್ರವ ಎಲ್ಲಿ ಹರಿಯುತ್ತದೋ ಅಲ್ಲೆಲ್ಲ ಸಾವು, ಆದ್ದರಿಂದ ಸಂಕೇತ ಸಾಗಿಸುವ ತಂತುಗಳೂ ಸತ್ತು ಹತ್ತರಲ್ಲಿ ಒಬ್ಬರಿಗಾದರೂ ಪೇಸ್‌ಮೇಕರ್ ಬೇಕಾಗುತ್ತದೆ.

ನಮ್ಮ ಜಿಲ್ಲೆಗಳ ಯುವಕರಲ್ಲಿ, ಗೃಹಿಣಿಯರಲ್ಲಿ ಕಾಣುವ ಎಸ್‌ವಿಟಿಗೆ ಹಳೆಯ ಆರ್‌ಎಫ್ ಸಾಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಅದರ ಸಾಮಾನ್ಯ ಬಗೆಯಲ್ಲಿ ಎವಿ ನೋಡ್ ಪಕ್ಕದ, ಸಂಕೇತ ಸುತ್ತು ಹೊಡೆಯುವ ನಿಧಾನ ದಾರಿಯನ್ನು 55-60 ಡಿಗ್ರಿಯಲ್ಲಿ ಸುಟ್ಟರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿಗೆ ವಾಸಿ. ಪೇಸ್‌ಮೇಕರ್ ಬೇಕಾಗುವ ಅಪಾಯ ಸುಮಾರು ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ. ಅನ್ನನಾಳ ಅಲ್ಲಿ ಹತ್ತಿರವೇ ಇಲ್ಲ. ಹೊಸದೆಂಬ ಕಾರಣಕ್ಕೆ ಇವರು ಪಿಎಫ್‌ಎ ಹುಡುಕಿಕೊಂಡು ಸಾಲ ಮಾಡಬೇಕಿಲ್ಲ. ಏಟ್ರಿಯಲ್ ಫಿಬ್ರಿಲೇಶನ್‌ಗೆ ಹಿಂಗೋಡೆ ಮುಟ್ಟಬೇಕಾದಾಗ ಪಿಎಫ್‌ಎ ಕೇಳುವುದರಲ್ಲಿ ಅರ್ಥವಿದೆ. ಮೂತ್ರಪಿಂಡ ದುರ್ಬಲವಿದ್ದರೆ ಮಿಡಿತಗಳ ಲೆಕ್ಕ ಕೇಳುವುದರಲ್ಲೂ ಅರ್ಥವಿದೆ. ಬಿಪಿಎಲ್ ಕಾರ್ಡಿನವರು ಯಾವ ವಿಧಾನಕ್ಕೆ ಮಂಜೂರಾತಿ ಸಿಗುತ್ತದೆಂದು ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ವಿಚಾರಿಸಲಿ. ಕೀಲುವಾತದ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಫಿಬ್ರಿಲೇಶನ್ ಬಂದವರ ಲೆಕ್ಕವೇ ಬೇರೆ, ಅವರಿಗೆ ಮೊದಲು ಕವಾಟದ ಚಿಕಿತ್ಸೆ.

ಊರಿಗೆ ಮರಳಿದ ಮೇಲೆ

ಆರ್‌ಎಫ್ ನಂತರ ಅನ್ನನಾಳಕ್ಕೂ ಹೃತ್ಕರ್ಣಕ್ಕೂ ನಡುವೆ ತೂತು ಬೀಳುವುದು ಅಪರೂಪ. 5.5 ಲಕ್ಷಕ್ಕೂ ಹೆಚ್ಚು ಅಬ್ಲೇಶನ್‌ಗಳನ್ನು ಒಳಗೊಂಡ ಪಾಟರ್-ಎಎಫ್ ನೋಂದಣಿಯಲ್ಲಿ ಆರ್‌ಎಫ್‌ಗೆ ಶೇ 0.038, ಕ್ರಯೋಗೆ ಶೇ 0.0015. ಆದರೆ ಆದವರಲ್ಲಿ ಮೂವರಿಗೆ ಇಬ್ಬರು ಉಳಿಯಲಿಲ್ಲ. ಲಕ್ಷಣ ಕಾಣಿಸಿಕೊಂಡದ್ದು ಸರಾಸರಿ 18ನೇ ದಿನದ ಸುಮಾರಿಗೆ, ಕೆಲವರಲ್ಲಿ ಎರಡು ತಿಂಗಳವರೆಗೂ. ಬೆಂದ ಅನ್ನನಾಳದ ಗೋಡೆ ಒಳಗೊಳಗೇ ಹುಣ್ಣಾಗಿ, ಆಮ್ಲ ತಾಗಿ, ನಿಧಾನಕ್ಕೆ ಸವೆಯುವುದರಿಂದ ಈ ತಡ. ಮೊದಲ ಕೆಲವು ವಾರ ಆಮ್ಲ ತಗ್ಗಿಸುವ ಮಾತ್ರೆ ಬರೆದುಕೊಡುವುದು ಇದಕ್ಕೇ. ಹೊಟ್ಟೆ ಸರಿಯಿದೆ ಎಂದು ಅದನ್ನು ಬಿಡಬಾರದು.

ಜಗಳೂರಿನಲ್ಲೋ ಹೊಸದುರ್ಗದಲ್ಲೋ ಇಂಥ ರೋಗಿಗೆ ಚಳಿಜ್ವರ, ನುಂಗುವಾಗ ನೋವು, ಎದೆನೋವು, ಇಲ್ಲವೇ ಗಳಿಗೆ ಹೊತ್ತು ಮಾತು ತೊದಲುವುದು ಕಂಡರೆ ಮೊದಲಿಗೆ ಟೈಫಾಯ್ಡ್, ಡೆಂಗಿ, ಗ್ಯಾಸ್ಟ್ರಿಕ್ ಎಂದೇ ಅನಿಸುತ್ತದೆ. ನುಂಗುವ ನೋವಿಗೆ ಎಂಡೋಸ್ಕೋಪಿ ಬರೆಯುವುದು ಸಹಜ ಅಭ್ಯಾಸ. ಇಲ್ಲಿ ಅದೇ ಪ್ರಾಣಕ್ಕೆ ಕುತ್ತು. ಅನ್ನನಾಳ ಕಾಣಲು ಊದುವ ಗಾಳಿ ತೂತಿನಿಂದ ಹೃತ್ಕರ್ಣಕ್ಕೆ ನುಗ್ಗಿ ನೇರ ಮೆದುಳಿಗೆ ಹೋಗುತ್ತದೆ. ಮಾಡಿಸಬೇಕಾದದ್ದು ಬಣ್ಣದ ದ್ರಾವಣ ಕೊಟ್ಟು ತೆಗೆಯುವ ಎದೆಯ ಸಿಟಿ ಸ್ಕ್ಯಾನ್. ದಾವಣಗೆರೆ ಮತ್ತು ಚಿತ್ರದುರ್ಗ ಎರಡರಲ್ಲೂ ಅದಕ್ಕೆ ಅನುಕೂಲವಿದೆ. ಬಾಯಿಂದ ಏನನ್ನೂ ಕೊಡದೆ, ಆಂಟಿಬಯಾಟಿಕ್ ಶುರುಮಾಡಿ, ಹೃದಯ ಶಸ್ತ್ರಚಿಕಿತ್ಸೆ ಇರುವ ಕಡೆಗೆ ಕಳಿಸಬೇಕು. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಅನುಮಾನ ಹೋಗದಿದ್ದರೆ ಮತ್ತೊಮ್ಮೆ ತೆಗೆಸಬೇಕು.

ಅಭಿಧಮನಿ ಕಿರಿದಾದದ್ದು ಇನ್ನೂ ತಡವಾಗಿ, ಎರಡರಿಂದ ಆರು ತಿಂಗಳಿಗೆ ತಿಳಿಯುತ್ತದೆ. ಬಿಡದ ಕೆಮ್ಮು, ಕಫದಲ್ಲಿ ರಕ್ತ, ದಮ್ಮು, ಎಕ್ಸ್‌ರೇಯಲ್ಲಿ ಒಂದು ಕಡೆ ಮಸುಕು. ನಮ್ಮಲ್ಲಿ ಇದಕ್ಕೆ ಟಿಬಿ ಚಿಕಿತ್ಸೆಯೇ ಶುರುವಾಗಿಬಿಡಬಹುದು. ಕಫ ಪರೀಕ್ಷೆ ಪದೇ ಪದೇ ನೆಗೆಟಿವ್ ಬಂದು, ಹಿಂದೆ ಅಬ್ಲೇಶನ್ ಆಗಿದ್ದರೆ ಅಭಿಧಮನಿಗಳ ಸಿಟಿ ಕೇಳಬೇಕು. ಮಲಗಿದಾಗ ಉಸಿರು ಸಾಲದೆ ಕೂತರೆ ಹಗುರವಾಗುವ, ಎಕ್ಸ್‌ರೇಯಲ್ಲಿ ಬಲ ವಪೆ ಮೇಲೆದ್ದಿರುವ ರೋಗಿಗೆ ಕ್ರಯೋ ಆಗಿತ್ತೇ ಎಂದು ವಿಚಾರಿಸಬೇಕು. ಇದು ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ.

ಇದೆಲ್ಲಕ್ಕೂ ಬೇಕಾದದ್ದು ಡಿಸ್ಚಾರ್ಜ್ ಕಾರ್ಡಿನಲ್ಲಿ ನಾಲ್ಕು ಸಾಲು: ಆರ್‌ಎಫ್, ಕ್ರಯೋ, ಪಿಎಫ್‌ಎ ಇವುಗಳಲ್ಲಿ ಯಾವುದು, ಅಭಿಧಮನಿಗಳ ಸುತ್ತ ಮಾತ್ರವೋ, ಹಿಂಗೋಡೆಗೂ ಕೊಟ್ಟರೋ, ಎಷ್ಟು ಸಲ, ಎಷ್ಟು ಶಕ್ತಿಯಲ್ಲಿ, ಮುಗಿಯುವ ಹೊತ್ತಿಗೆ ವಪೆ ಆಡುತ್ತಿತ್ತೇ, ಹೃದಯದ ಚೀಲದಲ್ಲಿ ದ್ರವ ಇರಲಿಲ್ಲವೇ. ಬಹಳ ಕಾರ್ಡುಗಳಲ್ಲಿ "ಅಬ್ಲೇಶನ್ ಯಶಸ್ವಿ" ಎಂದಷ್ಟೇ ಇರುತ್ತದೆ. ಬಸ್ಸು ಹತ್ತುವ ಮೊದಲು ಕೇಳಿ ಬರೆಸಿಕೊಂಡು, ಕಾರ್ಡಿನ ಮೊದಲ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅದೇ ಪುಟದ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಅಬ್ಲೇಶನ್ ಆದ ತಾರೀಖು, ಅದರ ಕೆಳಗೆ "ಎರಡು ತಿಂಗಳೊಳಗೆ ಜ್ವರ ಬಂದರೆ ಎಂಡೋಸ್ಕೋಪಿ ಬೇಡ, ಎದೆಯ ಸಿಟಿ" ಎಂದು ಬರೆದಿರಲಿ.